ಕಾರಣ ಬರೆಯುವ ಜಾಗ

ಪಟ್ಟಿಯಲ್ಲಿ ಒಂಬತ್ತು ಹೆಸರುಗಳಿದ್ದವು. ಎಂಟನೆಯ ಹೆಸರಿನ ಮೇಲೆ ಸಿಸ್ಟರ್ ವರದಾಳ ಹೆಬ್ಬೆರಳು ತಾನಾಗಿಯೇ ಹೋಗಿ ಕೂತಿತ್ತು. ಡಾಕ್ಟರ್ ಮೇಡಂ ಮಾತು ಮುಗಿಸುವ ತನಕ ಅಲ್ಲಿಂದ ಏಳಲಿಲ್ಲ. ಒಂಬತ್ತೂ ಮಂದಿ ಈ ಪ್ರಸೂತಿಗೃಹದಲ್ಲೇ ಹೆಸರು ಬರೆಸಿದವರು, ಇಲ್ಲಿಯೇ ಸೂಜಿ ಚುಚ್ಚಿಸಿಕೊಂಡವರು, ತಿಂಗಳು ತಿಂಗಳೂ ಬಂದು ಕೆಂಪು ಗುಳಿಗೆಯ ಪೊಟ್ಟಣ ಒಯ್ದವರು. ಬೇನೆ ಬಂದ ದಿನ ಮಾತ್ರ ಇದೇ ಗೇಟಿನ ಮುಂದೆ ರಿಕ್ಷಾ ಓಡಿಸಿಕೊಂಡು ಒಂಬತ್ತು ಕಿಲೋಮೀಟರು ಆಚೆಯ ದೊಡ್ಡಾಸ್ಪತ್ರೆಗೆ ಹೋಗಿ ಹೆತ್ತಿದ್ದರು. ಯಾಕೆ ಹೋದರು? ಮನೆಮನೆಗೆ ಹೋಗಿ ಕೇಳಿಕೊಂಡು ಬಂದು, ಫಾರ್ಮಿನಲ್ಲಿ 'ಕಾರಣ' ಎಂದಿರುವ ಕಡೆ ಒಂದು ಅಂಕಿ ಬರೆದು, ಇವತ್ತೇ ಮೇಲಿನವರಿಗೆ ಕಳಿಸಬೇಕು. ವೈದ್ಯರಿಲ್ಲದ್ದಕ್ಕೆ ಒಂದು, ರಕ್ತ ಸಿಗದ್ದಕ್ಕೆ ಎರಡು, ಯಂತ್ರಗಳಿಲ್ಲದ್ದಕ್ಕೆ ಮೂರು, ಮನೆಯವರ ಇಚ್ಛೆಗೆ ನಾಲ್ಕು, ಉಳಿದದ್ದೆಲ್ಲ ಐದು. ನಾಲ್ಕು ಬರೆದರೆ ಯಾರಿಗೂ ತ್ರಾಸಿಲ್ಲ ಎಂದು ಮೇಡಂ ಮರಾಠಿಯಲ್ಲಿ ನಗುತ್ತ ಹೇಳಿದರು. ಆಮೇಲೆ ನಗು ನಿಲ್ಲಿಸಿ, ಉತ್ತರ ಸರಿಕಾಣದಿದ್ದರೆ ಬರುವ ತಿಂಗಳಿಂದ ಹೆರಿಗೆ ಕೋಣೆಗೆ ಬೀಗ, ಇಲ್ಲಿ ಬರೀ ಲಸಿಕೆ, ನಿನ್ನನ್ನು ಊರಿನ ಯಾವ ಮೂಲೆಗೆ ಎಸೆಯುತ್ತಾರೋ ದೇವರೇ ಬಲ್ಲ ಎಂದರು. ವರದಾ ತಲೆಯಾಡಿಸಿದಳು. ಖಡಕಿಯ ಕ್ವಾರ್ಟರ್ಸು ಇಲ್ಲಿಂದ ಹತ್ತು ನಿಮಿಷ. ಗಂಡ ಪ್ರಲ್ಹಾದ ಫ್ಯಾಕ್ಟರಿಯಿಂದ ಬರುವುದರೊಳಗೆ, ಮಗಳು ಶರ್ವರಿ ಟ್ಯೂಷನ್ನಿಗೆ ಹೊರಡುವುದರೊಳಗೆ ಮನೆ ಮುಟ್ಟಿ ಎರಡು ರೊಟ್ಟಿ ಬಡಿಯಬಹುದಾದ ಹತ್ತು ನಿಮಿಷ. ಹದಿನಾಲ್ಕು ವರ್ಷದ ಸಂಸಾರ ಆ ಹತ್ತು ನಿಮಿಷದ ಮೇಲೆ ನಿಂತಿತ್ತು.

ಹೊತ್ತು ನೆತ್ತಿಗೆ ಬರುವುದರೊಳಗೆ ಏಳು ಮನೆ ಮುಗಿಸಿದಳು; ಒಂಬತ್ತನೆಯ ಮನೆಗೆ ಬೀಗ ಬಿದ್ದಿತ್ತು, ಅದರ ಮುಂದೆ ಗೀಟು ಎಳೆದಳು. ಒಂದು ಕಡೆ ಅತ್ತೆ ಬಾಗಿಲಲ್ಲೇ ನಿಂತು, ಮಧ್ಯಾಹ್ನ ಎರಡಕ್ಕೆ ನಿಮ್ಮ ಡಾಕ್ಟರ್ ಬಾಯಿ ಹೋಗಿಬಿಡುತ್ತಾಳೆ, ಆಮೇಲೆ ನೀವು ಚೀಟಿ ಬರೆದು ಮುಂದಕ್ಕೆ ಕಳಿಸುತ್ತೀರಿ, ಅರ್ಧ ಹೆತ್ತವಳನ್ನು ಎತ್ತಿಕೊಂಡು ಓಡುವುದಕ್ಕಿಂತ ಮೊದಲೇ ಅಲ್ಲಿಗೆ ಹೋದರೆ ಆಗದೇ ಎಂದು ಕೇಳಿದಳು. ಇನ್ನೊಂದು ಕಡೆ ಗಂಡ ವಿಮಾನ ನಗರದ ಮಾಲಿನ ಸೆಕ್ಯುರಿಟಿಯವನು, ಅಲ್ಲಿ ಲಿಫ್ಟ್ ಇದೆ ಎಂದ. ಹೆರುವುದಕ್ಕೂ ಲಿಫ್ಟಿಗೂ ಏನು ಸಂಬಂಧ ಎಂದು ಕೇಳಬೇಕೆನಿಸಿತು, ಕೇಳಲಿಲ್ಲ. ಕೇಳುವ ಹಕ್ಕು ಅವಳಿಗೆಲ್ಲಿತ್ತು? ಶರ್ವರಿ ಹೊಟ್ಟೆಯಲ್ಲಿದ್ದಾಗ ಅವಳೇ ತಾನು ಕೆಲಸ ಮಾಡುವ ಈ ಕಬ್ಬಿಣದ ಮೇಜನ್ನು ಬಿಟ್ಟು, ಗಾಜಿನ ಬಾಗಿಲಿನ ಖಾಸಗಿ ಆಸ್ಪತ್ರೆಗೆ ಹೋಗಿ ಮಲಗಿದ್ದಳು. ಆಗ ಯಾರೂ ಫಾರ್ಮು ಹಿಡಿದುಕೊಂಡು ಅವಳ ಮನೆಗೆ ಬರಲಿಲ್ಲ. ಬಂದಿದ್ದರೆ ಪ್ರಲ್ಹಾದ 'ನಮ್ಮ ಇಚ್ಛಾ' ಅನ್ನುತ್ತಿದ್ದ, ಅವರು ನಾಲ್ಕು ಬರೆದುಕೊಳ್ಳುತ್ತಿದ್ದರು. ಏಳು ಮನೆಗಳಲ್ಲಿ ಐದಕ್ಕೆ 'ನಾಲ್ಕು' ಬಿತ್ತು. ಒಂದೊಂದು ನಾಲ್ಕು ಬರೆಯುವಾಗಲೂ ಎದುರಿನ ಹೆಂಗಸು ತನ್ನ ಮುಖ ನೋಡದೆ ಪೆನ್ನಿನ ತುದಿಯನ್ನೇ ನೋಡುತ್ತಿದ್ದುದು ವರದಾಳ ಲಕ್ಷ್ಯಕ್ಕೆ ಬಂದಿತ್ತು. ಚಹಾ ಕೊಡುತ್ತಿದ್ದರು, ಸ್ಟೂಲು ಒರೆಸಿ ಕೂರಿಸುತ್ತಿದ್ದರು, ಮೇಲೆದ್ದ ಕೂಡಲೇ ಬಾಗಿಲು ಹಾಕಿಕೊಳ್ಳುತ್ತಿದ್ದರು.

ಎಂಟನೆಯ ಹೆಸರು ಸಾಬಮ್ಮ. ಯಾದಗಿರಿ ಕಡೆಯವಳು. ಗಂಡ ತಾಯಪ್ಪ ಕಟ್ಟಡಗಳಿಗೆ ಸೆಂಟ್ರಿಂಗ್ ಹಲಗೆ ಬಡಿಯುವವನು. ಮೂರು ವರ್ಷದ ಹಿಂದೆ ಅವಳ ಮೊದಲ ಹೆರಿಗೆ ವರದಾಳ ಕೈಯಲ್ಲೇ ಆಗಿತ್ತು. ಅವತ್ತು ಮೇಡಂ ಬಾಗಿಲಿನಿಂದ ಕೂಗಿದ್ದರು, 'ವರದಾ, ತುಝೀ ಮಾಣಸಂ ಆಲೀತ ಬಘ.' ನಿನ್ನ ಜನ ಬಂದಿದ್ದಾರೆ ನೋಡು. ವರಾಂಡದಲ್ಲಿ ಸಿಮೆಂಟು ಮೆತ್ತಿದ ಕಾಲುಗಳು, ತಲೆಯ ಮೇಲೆ ಟವೆಲು, ಪ್ಲಾಸ್ಟಿಕ್ಕಿನ ಚೀಲದಲ್ಲಿ ಗಂಟು ಕಟ್ಟಿದ ಹಳೆಯ ಸೀರೆ. ನನ್ನ ಜನ. ಧಾರವಾಡದಲ್ಲಿ ಅಪ್ಪ ಹೈಸ್ಕೂಲು ಮಾಸ್ತರ, ಮನೆ ತುಂಬ ಪುಸ್ತಕ, ಅವ್ವ ಸಂಜೆ ಹೊತ್ತು ಹಾರ್ಮೋನಿಯಂ ಇಟ್ಟುಕೊಂಡು ಕೂಡುವವಳು. ಆದರೂ ಈ ಊರಿನಲ್ಲಿ ಕನ್ನಡ ಅಂದರೆ ಆ ಸಿಮೆಂಟು ಮೆತ್ತಿದ ಕಾಲು. ಉಳಿದ ಸಿಸ್ಟರುಗಳು ನಗುತ್ತಿದ್ದರು. ಕುಹಕವೇನೂ ಇರಲಿಲ್ಲ ಆ ನಗುವಿನಲ್ಲಿ, ಅದೇ ತ್ರಾಸು. ತಾನು ಆ ವರಾಂಡದ ಜನದವಳಲ್ಲ ಎಂದು ತೋರಿಸುವುದಕ್ಕೆ ವರದಾಳಿಗೆ ಇದ್ದದ್ದು ಒಂದೇ ದಾರಿ, ಎಲ್ಲರಿಗಿಂತ ಗಟ್ಟಿಯಾಗಿ ಗದರುವುದು. ಭಾಷೆ ಬರುತ್ತಿದ್ದುದು ಅವಳೊಬ್ಬಳಿಗೇ ಆದ್ದರಿಂದ ಗದರುವ ಕೆಲಸವೂ ಅವಳದೇ ಆಯಿತು. ಸಾಬಮ್ಮ ಚೀರಿದಾಗ ತೊಡೆಯ ಮೇಲೆ ಛಟ್ಟನೆ ಒಂದು ಬಿದ್ದಿತ್ತು. ಜೊತೆಗೆ ಆ ಮಾತು. ಅದು ಅವಳದೂ ಅಲ್ಲ. ನರ್ಸಿಂಗ್ ಕಲಿಯುವಾಗ ಹಿರಿಯ ಸಿಸ್ಟರೊಬ್ಬಳ ಬಾಯಿಂದ ಕೇಳಿ, ಗೆಳತಿಯರೆಲ್ಲ ಹಾಸ್ಟೆಲಿನಲ್ಲಿ ಬಿದ್ದು ಬಿದ್ದು ನಕ್ಕ ಮಾತು. 'ಆವಾಗ ಗಂಡನ ಮಗ್ಗಲಾಗ ನಕ್ಕೊಂತ ಮಲಗಿದ್ದಿ, ಈಗ ಯಾಕ ಹೊಯ್ಕೋತಿ?' ಅದನ್ನು ಎಷ್ಟು ಮಂದಿಗೆ ಅಂದಿದ್ದಳೋ ಲೆಕ್ಕವಿಲ್ಲ. ನೆನಪಿದ್ದದ್ದು ಸಾಬಮ್ಮನ ಮುಖ ಮಾತ್ರ. ಯಾಕೆಂದರೆ ಆ ಮಾತಿನ ನಂತರ ಅವಳು ಚೀರುವುದನ್ನು ನಿಲ್ಲಿಸಿಬಿಟ್ಟಿದ್ದಳು. ಕೂಸು ಹೊರಗೆ ಬರುವ ತನಕ ಒಂದು ದನಿ ಇಲ್ಲ. ವರದಾ ಆಗ ಅದನ್ನು ತನ್ನ ಜಾಣತನ ಎಂದುಕೊಂಡಿದ್ದಳು.

ರೈಲು ಹಳಿಯ ಪಕ್ಕದ ವಸ್ತಿಯಲ್ಲಿ ತಗಡಿನ ಒಂದೇ ಕೋಣೆ, ನಡುವೆ ಹಳೆಯ ಚಾದರದ ಪರದೆ. ಸಾಬಮ್ಮ ಹದಿನೆಂಟು ದಿನದ ಕೂಸನ್ನು ಕಾಲಮೇಲೆ ಹಾಕಿಕೊಂಡು ಕೂತಿದ್ದವಳು ವರದಾಳನ್ನು ಕಂಡು ಅರ್ಧ ಎದ್ದಳು. ಬಾಗಿಲಲ್ಲಿ ಬೀಡಿ ಸೇದುತ್ತಿದ್ದ ತಾಯಪ್ಪ ಅದನ್ನು ತುಳಿದು ಆರಿಸಿ ಕೈಮುಗಿದ.

'ಬರ್ರಿ ಸಿಸ್ಟರಮ್ಮ. ಕುಂದರ್ರಿ. ಏ, ಛಾ ಇಡು.'

'ಛಾ ಬ್ಯಾಡಪ. ಏಳು ಮನಿ ಛಾ ಹೊಟ್ಟ್ಯಾಗ ಅದ. ಕೂಸು ಹ್ಯಾಂಗದ, ಸಾಬವ್ವಾ?'

'ಚಲೋ ಅದರಿ.'

'ಯಾಕ ಅಷ್ಟು ದೂರ ಹೋದ್ರಿ ಅಂತ ಬರಕೋಬೇಕಾಗೇದ. ಸರ್ಕಾರಿ ಕೆಲಸ. ನಮ್ಮಲ್ಲೇನು ಕಡಿಮಿ ಇತ್ತು?'

'ಕಡಿಮೆಂತದ್ದು ಏನಿಲ್ರಿ,' ಎಂದ ತಾಯಪ್ಪ. 'ಮನ್ಯಾಗ ಹಂಗ ಅಂದ್ಕೊಂಡ್ವಿ, ಹೋದ್ವಿ. ತಪ್ಪಾಯ್ತೇನ್ರಿ?'

ನಾಲ್ಕು. ವರದಾ ಪೆನ್ನಿನ ಟೊಪ್ಪಿಗೆ ತೆಗೆದಳು. ಆಗಲೇ ಪರದೆಯ ಕೆಳಗೆ ಕಣ್ಣು ಬಿತ್ತು. ಚಾದರ ನೆಲ ಮುಟ್ಟದೆ ಒಂದು ಗೇಣು ಮೇಲಿತ್ತು. ಆ ಸಂದಿನಲ್ಲಿ ಎರಡು ಪಾದಗಳು. ಬೆರಳುಗಳು ನಿಧಾನವಾಗಿ ಒಳಮುಖವಾಗಿ ಮಡಚಿಕೊಂಡು, ಬೆಳ್ಳಗಾಗಿ, ಸುಮಾರು ಹೊತ್ತು ಹಾಗೇ ಇದ್ದು, ಮತ್ತೆ ಒಂದೊಂದಾಗಿ ಬಿಚ್ಚಿಕೊಂಡವು. ವರದಾಳಿಗೆ ತಿಳಿಯದೆಯೇ ಅವಳ ಕಣ್ಣು ಕೈಗಡಿಯಾರಕ್ಕೆ ಹೋಯಿತು. ತಾಯಪ್ಪ ಸ್ಲ್ಯಾಬಿನ ಕೆಲಸ ನಿಂತದ್ದರ ಬಗ್ಗೆ ಏನೋ ಹೇಳುತ್ತಿದ್ದ, ಸಾಬಮ್ಮ ಇಲ್ಲದ ನೊಣವನ್ನು ಕೂಸಿನ ಮೇಲಿಂದ ಓಡಿಸುತ್ತಿದ್ದಳು, ಇಬ್ಬರೂ ಎಂದಿಗಿಂತ ಗಟ್ಟಿಯಾಗಿ ಮಾತಾಡುತ್ತಿದ್ದರು. ಎರಡು ನಿಮಿಷವೂ ಆಗಿರಲಿಲ್ಲ, ಬೆರಳುಗಳು ಮತ್ತೆ ಮಡಚಿದವು. ಇಷ್ಟು ಹತ್ತಿರದ ಬೇನೆಗೆ ಒಂದು ನರಳಿಕೆಯೂ ಇಲ್ಲ. ಯಾರೋ ಸೀರೆಯ ಸೆರಗನ್ನು ಹಲ್ಲಿನಲ್ಲಿ ಕಚ್ಚಿ ಮಲಗಿದ್ದಾರೆ. ಯಾರಿಗೂ ಕೇಳಬಾರದೆಂದಲ್ಲ, ನನಗೆ ಕೇಳಬಾರದೆಂದು. ಅದು ಹೊಳೆದಾಗ ವರದಾಳ ಕಿವಿಯ ಹಿಂದೆ ಬಿಸಿಯಾಯಿತು, ತುಂಬಿದ ಸಭೆಯಲ್ಲಿ ಯಾರೋ ಹೆಸರು ಹಿಡಿದು ಎಬ್ಬಿಸಿ ನಿಲ್ಲಿಸಿದ ಹಾಗೆ.

ಪರದೆ ಸರಿಸಿದಳು. ಇಪ್ಪತ್ತು ದಾಟದ ಹುಡುಗಿ. ಬಾಯಲ್ಲಿ ಸೆರಗು, ಕಣ್ಣು ಬಿಟ್ಟದ್ದು ಬಿಟ್ಟ ಹಾಗೆ.

'ಯಾರಿಕಿ?'

'ನನ್ನ ತಂಗಿರಿ, ಮರೆಮ್ಮ,' ಎಂದಳು ಸಾಬಮ್ಮ. 'ಮೂರು ತಿಂಗಳಾಯ್ತು ಊರಿಂದ ಬಂದು. ಅವ್ವ ಇಲ್ಲಲ್ರಿ ನಮಗ, ಬಾಣಂತನಕ್ಕ ನನ್ನ ಹತ್ರನೇ ಇಟ್ಕೊಂಡೀನಿ. ಆಕಿ ಗಂಡ ಕೆಲಸಕ್ಕ ಹೋಗ್ಯಾನ, ಬಂದ ಮ್ಯಾಲ ಒಯ್ತೀವಿ...'

'ಯಾವಾಗಿಂದ ಬೇನಿ?'

'ನಸುಕಿನ್ಯಾಗಿಂದ.'

ವರದಾ ಕೈತೊಳೆದು ನೋಡಿದಳು. ದೂರ ಒಯ್ಯುವ ಸಮಯ ದಾಟಿ ಹೋಗಿತ್ತು. ಇನ್ನೇನು ತಲೆ ಕೈಗೆ ತಾಗುತ್ತಿತ್ತು. 'ಈಕಿನ್ನ ಎಲ್ಲಿಗೆ ಒಯ್ತೀರಿ? ಮೆಟ್ರೋ ಕೆಳಗಿನ ಆ ಗದ್ದಲದಾಗ ಒಂದು ತಾಸು. ರಿಕ್ಷಾದಾಗ ಹಡಿತಾಳ. ನಮ್ಮ ದವಾಖಾನಿ ಐದು ನಿಮಿಷ. ತಾಯಪ್ಪಾ, ಓಡು, ರಿಕ್ಷಾ ತರು.'

ತಾಯಪ್ಪ ಓಡಿದ. ಮರೆಮ್ಮ ಸೆರಗನ್ನು ಬಾಯಿಂದ ತೆಗೆದು ಮೊದಲ ಸಲ ಮಾತಾಡಿದಳು. ವರದಾಳಿಗಲ್ಲ. 'ಅಕ್ಕಾ, ಅಲ್ಲಿಗೆ ಬ್ಯಾಡ. ಈಕಿ ಹತ್ರ ಬ್ಯಾಡ ಅಂದಿದ್ದಿಲ್ಲ ನೀ?'

ಸಾಬಮ್ಮ ವರದಾಳ ಮುಖವನ್ನು ಇಡೀ ಬೆಳಿಗ್ಗೆ ಯಾರೂ ನೋಡದ ರೀತಿ ನೇರವಾಗಿ ನೋಡಿದಳು.

'ಅಲ್ಲೀನೂ ಬೈತಾರ್ರಿ ಸಿಸ್ಟರಮ್ಮ,' ಎಂದಳು. 'ಸುಳ್ಳ್ಯಾಕ ಹೇಳಲಿ. ನೆಲಕ್ಕ ಮಲಗಸ್ತಾರ, ಹೊಡಿತಾರ ಭೀ. ನಿಮಗಿಂತ ಜಾಸ್ತಿನೇ. ಖರೇ ಅದು ಮರಾಠಿ. ಕಿವ್ಯಾಗ ಬೀಳ್ತದ, ಹಂಗೇ ಹೊಂಟು ಹೋಗ್ತದ. ಏನಂದ್ರು ಅಂತ ಮನಿಗೆ ಬಂದು ನೆನಸಿದ್ರೂ ನೆನಪಾಗಂಗಿಲ್ಲ. ನೀವಂದದ್ದು ಹೋಗವಲ್ದು. ನಮ್ಮವ್ವ ಮಾತಾಡೋ ಮಾತಿನ್ಯಾಗ ಅಂದ್ರಿ. ಮೂರು ವರ್ಷ ಆಯ್ತು, ಇವರು ಮಗ್ಗಲಿಗೆ ಬಂದ್ರ ನನಗ ನಿಮ್ಮ ದನಿ ಕೇಳಸ್ತದ.'

ವರದಾಳ ಕೈಯಲ್ಲಿ ಇನ್ನೂ ಪೆನ್ನಿತ್ತು. ಏನಾದರೂ ಹೇಳಬೇಕು. ಅವತ್ತು ಎರಡು ಡ್ಯೂಟಿ ಒಟ್ಟಿಗೆ ಮಾಡಿದ್ದೆ, ಒಂದೇ ಮೇಜು, ಮೂರು ಮಂದಿ, ಶರ್ವರಿಗೆ ಜ್ವರ ಇತ್ತು. ಎಲ್ಲವೂ ನಿಜ. ಆದರೆ ನೆನಪಿಗೆ ಬಂದದ್ದು ಮೊನ್ನೆ ಶರ್ವರಿ ಫೋನಿನಿಂದ ಕಣ್ಣೆತ್ತದೆ ಮರಾಠಿಯಲ್ಲಿ ಹೇಳಿದ ಮಾತು: ಆಯೀ, ನೀ ಸಿಟ್ಟು ಬಂದಾಗ ಅಷ್ಟೇ ಕನ್ನಡ ಮಾತಾಡ್ತಿ. ಅವತ್ತು ಪ್ರಲ್ಹಾದ ನಕ್ಕಿದ್ದ. ಅವಳೂ ನಕ್ಕಿದ್ದಳು.

ಹೊರಗೆ ರಿಕ್ಷಾ ಬಂದು ನಿಂತ ಸಪ್ಪಳ. ಮರೆಮ್ಮನ ಬೆರಳುಗಳು ಮಡಚಿದವು, ಈ ಸಲ ಬಿಚ್ಚಲಿಲ್ಲ, ಚಾಪೆ ಒದ್ದೆಯಾಯಿತು. ಸಾಬಮ್ಮ ನೀರನ್ನು ನೋಡಿದಳು, ತಂಗಿಯನ್ನು ನೋಡಿದಳು.

'ನಿಮ್ಮಲ್ಲಿಗೇ ಬರ್ತೀವಿ. ಬ್ಯಾರೆ ದಾರಿ ಇಲ್ಲ. ಖರೇ ಒಂದು ಮಾತು ನಡಸ್ರಿ. ಒಳಗ ಹೋದ ಮ್ಯಾಲ ಆಕಿ ಸಂಗಾಟ ಕನ್ನಡ ಮಾತಾಡಬ್ಯಾಡ್ರಿ. ಬೈರಿ, ಬಡೀರಿ, ಏನರ ಮಾಡ್ರಿ. ಕನ್ನಡ ಒಂದು ಬ್ಯಾಡ.'

ವರದಾ ತಲೆಯಾಡಿಸಿದಳು. ಬೆಳಿಗ್ಗೆ ಮೇಡಂ ಮುಂದೆ ಆಡಿಸಿದ ಹಾಗೆಯೇ.

ಕೂಸನ್ನು ಪಕ್ಕದ ಮನೆಯವಳಿಗೆ ಕೊಟ್ಟು ಸಾಬಮ್ಮನೂ ಹತ್ತಿದಳು. ರಿಕ್ಷಾದಲ್ಲಿ ಮರೆಮ್ಮನ ತಲೆ ಅಕ್ಕನ ಹೆಗಲಿನ ಮೇಲೆ, ಮೊಣಕಾಲು ವರದಾಳ ತೊಡೆಗೆ. ಪ್ರತಿ ತಗ್ಗಿಗೂ ಆ ಮೊಣಕಾಲು ತಾಗಿ, ತಾಗಿದ್ದಕ್ಕೆ ಹೆದರಿ ಹಿಂದಕ್ಕೆ ಸರಿಯುತ್ತಿತ್ತು. ಆಸ್ಪತ್ರೆಯ ಗೇಟು ಬಂದಾಗ ರಿಕ್ಷಾದವನು ಅಭ್ಯಾಸಬಲದಿಂದ ಮುಂದಕ್ಕೇ ಬಿಟ್ಟ. ಬೇನೆಯವರನ್ನು ಕೂರಿಸಿಕೊಂಡು ಅವನು ಇಲ್ಲಿ ನಿಲ್ಲಿಸಿದ್ದೇ ಇಲ್ಲವೇನೋ. ವರದಾ ಅವನ ಬೆನ್ನಿಗೆ ಬಡಿದು ತಿರುಗಿಸಬೇಕಾಯಿತು.

ಹೆರಿಗೆ ಕೋಣೆಯಲ್ಲಿ ಆಯಾ ರಂಗೂಬಾಯಿ ಮೇಜಿನ ಮೇಲೆ ರಬ್ಬರು ಹಾಸಿದಳು. ದಪ್ಪ ಮೈಯ ನಗುಮುಖದ ಹೆಂಗಸು. ಹನ್ನೆರಡು ವರ್ಷದಿಂದ ವರದಾಳ ಜೊತೆ ಇದ್ದವಳು. ವರದಾ ಕೈಗವಸು ಹಾಕಿಕೊಂಡಳು. 'ಜೋರ್ ಲಾವ,' ಎಂದಳು, ಬಲ ಹಾಕಿ ಮುಕ್ಕು ಎಂದು. ಮರೆಮ್ಮ ಅವಳ ಮುಖದ ಮಾಸ್ಕನ್ನೇ ನೋಡಿದಳು, ಮುಕ್ಕಲಿಲ್ಲ. 'ಖಾಲೀ ಜೋರ್ ಲಾವ, ಖಾಲೀ.' ಕೆಳಗೆ ಬಲ ಹಾಕು, ಕೆಳಗೆ. ಹುಡುಗಿ ಮುಖ ಉಬ್ಬಿಸಿ ಕತ್ತಿನಲ್ಲಿ ಬಲ ಹಾಕಿದಳು. ಬೇಡದ ಕಡೆ, ಬೇಡದ ಹೊತ್ತಿನಲ್ಲಿ. ಬೇನೆ ಬಂದಾಗ ಸುಮ್ಮನಿದ್ದು, ಹೋದಾಗ ಮುಕ್ಕುತ್ತಿದ್ದಳು. ವರದಾಳ ನಾಲಿಗೆಯ ತುದಿಯಲ್ಲಿ ಕನ್ನಡ ಬಂದು ನಿಂತಿತ್ತು. 'ತಡಿ' ಅನ್ನಬೇಕು, 'ಈಗ' ಅನ್ನಬೇಕು. ಆದರೆ ಆ ಎರಡು ಮಾತಿನ ಹಿಂದೆಯೇ ಉಳಿದವೂ ಸಾಲುಗಟ್ಟಿ ನಿಂತಿದ್ದವು, ಬಾಗಿಲು ತೆಗೆದರೆ ಸಾಕು ನುಗ್ಗುವ ಹಾಗೆ: ಕತ್ತಿ, ಎಮ್ಮಿ, ಕಾಲು ಅಗಲಸು, ಬಾಯಿ ಮುಚ್ಚು. ಈ ಕೋಣೆಯಲ್ಲಿ ತನಗೆ ಬರುವ ಕನ್ನಡವೇ ಅಷ್ಟು ಎಂದು ಅವಳಿಗೆ ಅನ್ನಿಸಿತು. ಅವ್ವನ ಮನೆಯಿಂದ ತಂದದ್ದೆಲ್ಲ ಎಲ್ಲಿ ಹೋಯಿತು? ಜ್ವರ ಬಂದಾಗ ಅವ್ವ ಹಣೆ ಮುಟ್ಟಿ ಅನ್ನುತ್ತಿದ್ದ ಮಾತೊಂದಿತ್ತು. ಹುಡುಕಿದಳು. ಸಿಗಲಿಲ್ಲ. 'ಥಾಂಬ, ಶ್ವಾಸ ಸೋಡ,' ತಡೆ, ಉಸಿರು ಬಿಡು ಎಂದಳು ಮತ್ತೆ ಮರಾಠಿಯಲ್ಲೇ, ಗೋಡೆಗೆ ಹೇಳಿದ ಹಾಗೆ. ಕೂಸಿನ ಎದೆಬಡಿತ ಇಳಿಯತೊಡಗಿತ್ತು.

ರಂಗೂಬಾಯಿಗೆ ಇದೆಲ್ಲ ವಿಚಿತ್ರವಾಗಿ ಕಂಡಿರಬೇಕು. 'ಅಯ್ಯೋ ಬಾಯಿ, ನಿಮ್ಮ ಜನಕ್ಕೆ ಮರಾಠಿ ತಿಳಿಯುತ್ತದೆಯೇ? ಇವತ್ತು ನಿಮಗೇನಾಯಿತು? ಬಿಡಿ, ನಾನು ಹೇಳುತ್ತೇನೆ,' ಎಂದು ಮರಾಠಿಯಲ್ಲಿ ಹೇಳಿ ನಕ್ಕು, ಮರೆಮ್ಮನ ಮುಖದ ಹತ್ತಿರ ಬಾಗಿ, ಹನ್ನೆರಡು ವರ್ಷದಲ್ಲಿ ತಾನು ಕಲಿತ ಕನ್ನಡವನ್ನು ಅಕ್ಕರೆಯಿಂದ, ಒಂದೊಂದೇ ಶಬ್ದ ಬಿಡಿಸಿ ಹೇಳಿದಳು: 'ಆವಾಗ... ಗಂಡನ ಮಗ್ಗಲಾಗ... ನಕ್ಕೊಂತ ಮಲಗಿದ್ದಿ...'

ಉಚ್ಚಾರ ಓರೆಯಾಗಿತ್ತು. ಏರಿಳಿತ ಮಾತ್ರ ವರದಾಳದೇ. 'ಮಲಗಿದ್ದಿ' ಎನ್ನುವಾಗ ಒಂದಿಷ್ಟು ಎಳೆಯುವುದೂ. ತನ್ನ ದನಿಯನ್ನು ಯಾರೋ ತೊಳೆದು, ಒಣಗಿಸಿ, ಮಡಿಚಿ ಇಟ್ಟುಕೊಂಡು ಈಗ ತೆಗೆದ ಹಾಗೆ. ಮರೆಮ್ಮ ಕಣ್ಣು ಮುಚ್ಚಿದಳು. ಸೆರಗಿಲ್ಲದ ಬಾಯಿ ಕೈಯನ್ನು ಹುಡುಕಿ ಕಚ್ಚಿಕೊಂಡಿತು.

'ಗಪ್ಪ ಬಸ!' ಬಾಯಿ ಮುಚ್ಚು ಎಂದು ವರದಾ ಕೂಗಿದಳು. ರಂಗೂಬಾಯಿ ಬೆಚ್ಚಿ ಹಿಂದೆ ಸರಿದಳು. ನಾನೇನು ಕೆಟ್ಟದ್ದು ಅಂದೆ ಎಂದು ಅವಳ ಮುಖ ಸಣ್ಣದಾಯಿತು. ಆ ಮಾತಿನ ಅರ್ಥ ಅವಳಿಗೆ ಇವತ್ತಿಗೂ ಗೊತ್ತಿರಲಿಲ್ಲ, ಹೆರುವವರಿಗೆ ಕನ್ನಡದಲ್ಲಿ ಹೀಗೆನ್ನುತ್ತಾರೆ ಎಂದಷ್ಟೇ. ವರದಾ ಮಾತು ಬಿಟ್ಟಳು, ಎರಡೂ ಭಾಷೆ ಬಿಟ್ಟಳು. ಮರೆಮ್ಮನ ಕೈಯನ್ನು ಬಾಯಿಂದ ಬಿಡಿಸಿ, ತನ್ನ ಹೊಟ್ಟೆಯ ಮೇಲೆ ಇಟ್ಟುಕೊಂಡು, ಮಾಸ್ಕು ಕಿತ್ತು, ತುಟಿ ಗುಂಡಗೆ ಮಾಡಿ, ಹಸಿ ಕಟ್ಟಿಗೆಯ ಒಲೆ ಊದುವ ಹಾಗೆ ಊದಿದಳು. ಫೂ. ಮತ್ತೆ ಫೂ. ಹುಡುಗಿ ಕಣ್ಣು ಬಿಟ್ಟಳು. ಊರಿನಲ್ಲಿ ಒಲೆ ಊದಿದವಳೇ. ಅವಳ ತುಟಿಯೂ ಗುಂಡಗಾಯಿತು. ಇಬ್ಬರೂ ಊದಿದರು. ಬೇನೆ ಬಂದಾಗ ವರದಾ ತಾನೇ ಉಸಿರು ಕಟ್ಟಿ, ಹೊಟ್ಟೆ ಬಿಗಿದು, ಹಲ್ಲು ಕಚ್ಚಿ ಮುಕ್ಕಿ ತೋರಿಸಿದಳು. ಹುಡುಗಿಯ ಅಂಗೈ ಆ ಬಿಗಿತವನ್ನು ತಿಳಿದು ತನ್ನದನ್ನು ಬಿಗಿಯಿತು. ನಲವತ್ತಾರು ವರ್ಷದ ಹೆಂಗಸು ಏನೂ ಇಲ್ಲದೆ ಹೀಗೆ ಮುಕ್ಕುತ್ತಿರುವುದನ್ನು ಯಾರಾದರೂ ನೋಡಿದರೆ ಎಂಬ ನಾಚಿಕೆ ಬಂತು, ಹೋಯಿತು. ಒಂದು ಗಂಟೆ ಐವತ್ತಕ್ಕೆ ಕೂಸು ಹೊರಗೆ ಬಂತು. ಮೊದಲು ನೀಲಿ, ಆಮೇಲೆ ಅಳು, ಆಮೇಲೆ ಕೆಂಪು.

ಮರೆಮ್ಮ ತಲೆ ಎತ್ತಿ ನೋಡುತ್ತಿದ್ದಳು, ಗಂಡೋ ಹೆಣ್ಣೋ ಎಂದು ಕೇಳುತ್ತಿರಲಿಲ್ಲ. ವರದಾ ಕೂಸನ್ನು ಎತ್ತಿ ತೋರಿಸಿದಳು. ಹೆಣ್ಣು. ಹುಡುಗಿ ನೋಡಿ ತಲೆ ಹಿಂದಕ್ಕೆ ಹಾಕಿದಳು.

ಮೇಡಂ ಪರ್ಸು ಹೆಗಲಿಗೇರಿಸಿ ತಮ್ಮ ಕೋಣೆಯಲ್ಲಿ ಕಾಯುತ್ತಿದ್ದರು, ಖುಷಿಯಲ್ಲಿದ್ದರು. 'ಮೂರು ವಾರದ ಮೇಲೆ ಒಂದು ಹೆರಿಗೆ! ಇದನ್ನೇ ಮೇಲಿನವರಿಗೆ ಹೋಗುವ ಪತ್ರದ ಕೆಳಗೆ ಬರೆದಿದ್ದೇನೆ ನೋಡು. ಇಲ್ಲಿ ಕನ್ನಡ ಬಲ್ಲ ಸಿಸ್ಟರ್ ಇದ್ದಾಳೆ, ವಲಸೆ ಬಂದ ಹೆಂಗಸರಿಗೆ ಧೈರ್ಯವಾಗುತ್ತದೆ, ಆದ್ದರಿಂದ ಹೆರಿಗೆ ಕೋಣೆ ಮುಚ್ಚಬಾರದು ಅಂತ. ನಿನ್ನ ಹೆಸರಿನಿಂದ ಉಳಿಯಬಹುದು ಇದು. ಫಾರ್ಮು ಕೊಡು.'

ವರದಾ ಫಾರ್ಮು ತೆಗೆದಳು. ಎಂಟನೆಯ ಹೆಸರಿನ ಮುಂದೆ ಖಾಲಿ ಇತ್ತು. ನಿಂತುಕೊಂಡೇ, ಐದು ಎಂದು ಬರೆದು, ಅದರ ಪಕ್ಕದಲ್ಲಿ ಮರಾಠಿಯಲ್ಲಿ ಬರೆದಳು: ಸಿಸ್ಟರ್ ವರದಾ ಬೈಯುತ್ತಾಳೆ, ಅದು ಅವರಿಗೆ ತಿಳಿಯುತ್ತದೆ.

ಮೇಡಂ ಓದಿದರು. ಎರಡನೆಯ ಸಲವೂ ಓದಿದರು. ಸಿಟ್ಟಾಗಲಿಲ್ಲ; ದಿನವಿಡೀ ದುಡಿದವರ ದನಿಯಲ್ಲಿ, 'ಯಾರು ಬೈಯುವುದಿಲ್ಲ, ವರದಾ? ನಾನೂ ಬೈಯುತ್ತೇನೆ. ಇದನ್ನು ಕಳಿಸಿದರೆ ಸುಧಾರಣೆ ಮಾಡುತ್ತಾರೆ ಅಂದುಕೊಂಡೆಯಾ? ಬೀಗ ಹಾಕುತ್ತಾರೆ. ಆಮೇಲೆ ಇಂದಿನಂಥವಳು ರಿಕ್ಷಾದಲ್ಲಿ ಹೆರುತ್ತಾಳೆ,' ಎಂದರು. ಅದೂ ನಿಜವಾಗಿತ್ತು. ಡ್ರಾವರಿನಿಂದ ಬಿಳಿ ಶಾಯಿಯ ಬಾಟಲಿ ತೆಗೆದು ಆ ಸಾಲಿನ ಮೇಲೆ ಎಳೆದರು, ಬಾಗಿ ಫೂ ಎಂದು ಊದಿದರು. 'ಒಣಗಲಿ. ಒಣಗಿದ ಮೇಲೆ ನಾಲ್ಕು ಬರೆದು ಟಪಾಲಿಗೆ ಹಾಕು.' ಹೋದರು.

ವರದಾ ಕಾಗದದ ಮುಂದೆ ನಿಂತಳು. ಬಿಳಿಯ ಕೆಳಗೆ ಅಕ್ಷರಗಳು ಇನ್ನೂ ಮಸುಕಾಗಿ ಕಾಣುತ್ತಿದ್ದವು. ಗೊತ್ತಿದ್ದವರಿಗೆ ಮಾತ್ರ ಓದಲು ಬರುವಷ್ಟು. ವರಾಂಡದಲ್ಲಿ ಸಾಬಮ್ಮ ಗೋಡೆಗೆ ಒರಗಿ ಕೂತಿದ್ದಳು. ಮಾತು ನಡೆಸಿದಿರಿ ಎಂದು ಹೇಳುತ್ತಾಳೇನೋ ಎಂದು ವರದಾ ಅತ್ತ ನೋಡಿದಳು, ನಾಚಿಕೆಗೆಟ್ಟು ಕಾದಳು. ಸಾಬಮ್ಮ ಎದೆಯ ಮೇಲೆ ಒದ್ದೆಯಾದ ಕುಪ್ಪಸವನ್ನು ಸೆರಗಿನಿಂದ ಮುಚ್ಚಿಕೊಂಡು ರಸ್ತೆ ನೋಡುತ್ತಿದ್ದಳು. ಮನೆಯಲ್ಲಿ ಕೂಸು ಹಸಿದಿರಬೇಕು.

ಅಷ್ಟರಲ್ಲಿ ಒಳಗಿನಿಂದ ಮರೆಮ್ಮನ ದನಿ. ಕ್ಷೀಣವಾಗಿ, ಆದರೆ ತಯಾರಿ ಮಾಡಿಕೊಂಡು ಹೇಳಿದ ಹಾಗೆ. ಮೂರು ತಿಂಗಳಲ್ಲಿ ನಲ್ಲಿಯ ಸಾಲಿನಲ್ಲಿ ನಿಂತು ಕಲಿತ ಒಂದೇ ಮರಾಠಿ ಶಬ್ದವಿರಬೇಕು ಅದು.

'ಸಿಸ್ಟರ್... ಪಾಣೀ.'

ಕನ್ನಡದಲ್ಲಿ ನೀರು ಎಂದು ಕೇಳಿದ್ದರೂ ವರದಾಳಿಗೆ ತಿಳಿಯುತ್ತಿತ್ತು. ಅದು ಮರೆಮ್ಮನಿಗೂ ಗೊತ್ತಿತ್ತು. ವರದಾ ಮಡಕೆಯಿಂದ ಲೋಟ ತುಂಬಿದಳು. ಬಾಯಿಯ ತನಕ ಬಂದ 'ಬಂದೆವ್ವಾ' ಎಂಬ ಮಾತನ್ನು ಅಲ್ಲೇ ಹಿಡಿದು ನಿಲ್ಲಿಸಿ, ಅದನ್ನೇ 'ಆಲೇ' ಎಂದು ಮರಾಠಿಯಲ್ಲಿ ಹೇಳಿ ಒಳಗೆ ಹೋದಳು.